ಎರಡು ಸಲುಗೆ

ಸೇಲಂ ಬಸ್ ನಿಲ್ದಾಣದಲ್ಲಿ ದಾರಿ ಕೇಳಿದಾಗ ಹೂ ಮಾರುವ ಹೆಂಗಸು ಹೇಳಿದಳು: "ಅರಸು ಬಸ್ ವರುಂ, ಅದುಲ ಪೋ ಮಾ." ಅರಸರ ಬಸ್ಸು ಬರುತ್ತದಂತೆ, ಅದರಲ್ಲಿ ಹೋಗಬೇಕಂತೆ! ರಾಣೆಬೆನ್ನೂರಿನಿಂದ ಎರಡು ಚೀಲ ಹೊತ್ತು ಬಂದಿದ್ದ ನಾನು ಯಾವ ಅರಮನೆಯ ಗಾಡಿಯೋ ಎಂದು ಕಾದೆ. ಬಂದದ್ದು ಕಿಟಕಿ ಗಡಗಡ ಅನ್ನುವ ಸರ್ಕಾರಿ ಬಸ್ಸು. ನಮ್ಮಲ್ಲಿ ಅರಸು ಎಂದರೆ ದೊರೆ, ಇಲ್ಲಿ ಸರ್ಕಾರ. ಆಗ ನಕ್ಕುಬಿಟ್ಟೆ. ನಗಬಾರದಿತ್ತು. ನೆರೆಭಾಷೆಯ ಅಪರಿಚಿತ ಪದ ಮೋಸ ಮಾಡುವುದಿಲ್ಲ, ಅದರ ಅರ್ಥವನ್ನು ಕೇಳಿ ತಿಳಿಯುತ್ತೇವೆ. ಮೋಸ ಮಾಡುವುದು ಗುರುತಿನ ಮುಖದ ಪದ.

ಧರ್ಮಪುರಿಯ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವುದು, ಚರ್ಚಾಸ್ಪರ್ಧೆಗೆ ವಿದ್ಯಾರ್ಥಿಗಳನ್ನು ತಯಾರು ಮಾಡುವುದು ನನ್ನ ಕೆಲಸ. ಒಂಟಿ ಹೆಣ್ಣೆಂದು ಪಟ್ಟಣದಲ್ಲಿ ಯಾರೂ ಮನೆ ಕೊಡಲಿಲ್ಲ. ಕೊಟ್ಟವರು ನಲ್ಲಂಪಳ್ಳಿ ಹತ್ತಿರದ ಹಳ್ಳಿಯ ಮಾದೇವಕ್ಕ. ಕುರಿ ಸಾಕುವ ಮನೆ, ಆಡುವುದು ಕನ್ನಡ. ಅವರು ಕೇಳಿದ್ದು ಒಂದೇ: "ಕುರಿ ವಾಸ್ನೆ ಆಯ್ತದಾ ನಿಂಗೆ?" ಆಗುತ್ತದೆ ಎಂದೆ. "ಅಂಗಾರೆ ಬಾ."

ನನ್ನ ಭಾಷೆಯನ್ನೇ ಆಡುವ ಮನೆ ಸಿಕ್ಕಿತೆಂದು ಹಿಗ್ಗಿದರೆ, ಅವರಿಗೆ ನನ್ನ ಮಾತೇ ತಮಾಷೆ. "ನಿಂದು ರೇಡಿಯೋ ಕನ್ನಡ ಕಣವ್ವಾ, ನೆಗಡಿ ಆದೋರು ಆಡ್ದಂಗೈತೆ." ಜೋಳದ ರೊಟ್ಟಿ ಮುರಿದು ರೂಢಿಯಾದ ನನ್ನ ಬೆರಳಿಗೆ ರಾಗಿ ಕಳಿ, ಅಂದರೆ ಮುದ್ದೆ, ಅಂಟಿಕೊಂಡಾಗ ಮನೆಮಂದಿಯೆಲ್ಲ ನಕ್ಕರು. "ಅಗೀಬ್ಯಾಡ, ನುಂಗು!" ನುಂಗಲು ಕಲಿತೆ. ಇಲ್ಲಿ ನಾನು ಗೆದ್ದ ಮೊದಲ ಪಂದ್ಯ ಅದು.

ಊರ ಹಿಂದೆ ಕುರಿ ಮೇಯುವ ನೆಲವಿತ್ತು. ಕಚೇರಿಯ ಬಾಯಲ್ಲಿ ಅದು ಪೊರಂಬೋಕ್ಕು, ಯಾರ ಹೆಸರಿನಲ್ಲೂ ಇಲ್ಲದ ಜಾಗ. ಬೀದಿಯಲ್ಲಿ ಅದೇ ಪದ ಕೆಲಸಕ್ಕೆ ಬಾರದವನಿಗೆ ಬೈಗುಳ. ಅದನ್ನು ಆಟದ ಮೈದಾನ ಮಾಡಬೇಕೆಂದು ಯುವಕರು ಹೊರಟರು. ಅವರ ಪರ ಮಾತಾಡಲು ನಿಂತವನು ಇಳಂಗೋ: ನನ್ನ ಸಹೋದ್ಯೋಗಿ, ಇಲ್ಲಿ ನನಗಿದ್ದ ಒಬ್ಬನೇ ಗೆಳೆಯ, ಮಾದೇವಕ್ಕನ ಮೈದುನನ ಮಗ. ಮನೆಯೊಳಗೆ ಮತ್ತು ನನ್ನೊಡನೆ ಅವನದು ಕನ್ನಡ, ಉಳಿದಂತೆ ಹೊಸ್ತಿಲು ದಾಟಿದರೆ ತಮಿಳು. ಮಾದೇವಕ್ಕ ನನ್ನತ್ತ ತಿರುಗಿದರು. "ವಾದ ಮಾಡದು ಕಲ್ಸೋಳಲ್ವಾ ನೀನು? ನಮ್ ಪರ ನೀ ಮಾತಾಡು. ಆ ನೆಲ ಓದ್ರೆ ಕುರಿ ಒಡ್ಕಂಡು ಐವೇ ರೋಡು ದಾಟ್ಬೇಕು."

ನಾನು, ಇಳಂಗೋ ಟೀ ಅಂಗಡಿಯಲ್ಲಿ ಕೂತು ವಾದಕ್ಕೆ ಮೊದಲು ಪದಗಳನ್ನು ಗೊತ್ತುಮಾಡಿಕೊಂಡೆವು. ನಾನು ತರಗತಿಯಲ್ಲಿ ಮಾಡುವ ಪಾಠವೇ ಅದು: ಪದದ ಅರ್ಥ ಒಂದಾಗದಿದ್ದರೆ ಅದು ವಾದವಲ್ಲ, ಒಟ್ಟಿಗೆ ಕೂಗುವ ಎರಡು ರೇಡಿಯೋ; ಎದುರಾಳಿ ಆಡಿದ ಪದವನ್ನು ಅಲ್ಲೇ ತಡೆಯದಿದ್ದರೆ ಅದು ನಿಂತುಬಿಡುತ್ತದೆ. ಪೊರಂಬೋಕ್ಕು ಎನ್ನುವುದು ಬೇಡ, ಮೇಯುವ ನೆಲ ಎನ್ನೋಣ. ಕನ್ನಡದವರನ್ನು 'ವಂದವಂಗ', ಎಲ್ಲಿಂದಲೋ ಬಂದವರು, ಎನ್ನಬಾರದು. ಮೈದಾನ ಕೇಳುವವರನ್ನು ಪೋಲಿಗಳು ಎನ್ನಬಾರದು. ಮೇಯಿಸುವುದು 'ಉರಿಮೈ', ಹಕ್ಕು. ಆ ಹಕ್ಕು ಎಷ್ಟು ನೆಲಕ್ಕೆ ಎಂಬುದಷ್ಟೇ ಚರ್ಚೆ. ಇಳಂಗೋ ಎಲ್ಲಕ್ಕೂ ಒಪ್ಪಿದ, ಟೀ ಅವನೇ ಕೊಡಿಸಿದ. ನನ್ನ ಊರಿನಲ್ಲೂ ಇಷ್ಟು ಹದವಾಗಿ ಯಾರೊಡನೆಯೂ ಜಗಳವಾಡಿರಲಿಲ್ಲ.

ಗ್ರಾಮಸಭೆಯಲ್ಲಿ ಅವನು ಎದ್ದು, ಪುಸ್ತಕದ ತಮಿಳಿನಲ್ಲಿ, ಮೈದಾನವೂ ಆಗಲಿ, ಕುರಿಯವರಿಗೆ ಮೇಯಿಸಲು 'ಸಲುಗೈ'ಯೂ ಇರಲಿ ಎಂದ. ನನ್ನ ಕಿವಿಗೆ ಬಿದ್ದದ್ದು ಸಲುಗೆ. ಮನೆಯ ಕೂಸಿಗೆ ಕೊಡುತ್ತೇವಲ್ಲ, ಆ ಸಲುಗೆ. ಹಕ್ಕಿಗಿಂತಲೂ ಮೆತ್ತಗಿನ ಮಾತು ಆಡಿದನಲ್ಲ ಎಂದು ಕರಗಿ ಚಪ್ಪಾಳೆ ತಟ್ಟಿದೆ. ಅದನ್ನು ನೋಡಿ ಮಾದೇವಕ್ಕ ಕೈ ಎತ್ತಿದರು. ಅವರನ್ನು ನೋಡಿ ಕುರಿಯವರೆಲ್ಲ ಎತ್ತಿದರು. ತೀರ್ಮಾನವಾಗಿಹೋಯಿತು.

ತಮಿಳಿನಲ್ಲಿ ಸಲುಗೈ ಎಂದರೆ ರಿಯಾಯಿತಿ. ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.

ಪಡೆದರು. ತಂತಿಬೇಲಿ ಬಂದ ದಿನ ಮಾದೇವಕ್ಕ ಕುರಿಗಳ ಜೊತೆ ಮರಳಿ ಬಂದರು. "ಸಲುಗೈ ಮುಗೀತಂತೆ" ಎಂದರು. ಆ ಪದದ ಅರ್ಥ ನನಗೆ ತಿಳಿದದ್ದು ಆಗಲೇ.

"ನಿಮಗೆ ಗೊತ್ತಿತ್ತಲ್ಲ ಅಕ್ಕಾ, ಯಾಕೆ ಕೈ ಎತ್ತಿದ್ರಿ?"

"ಗೊತ್ತಿಲ್ದೆ ಏನು? ನೀ ಚಪ್ಪಾಳೆ ತಟ್ಟಿದಲ್ಲವ್ವಾ. ಓದ್ದೋಳು, ಇದ್ರಾಗೇನೋ ಮಸಲತ್ತು ಮಡ್ಗವ್ಳೆ ಅಂದ್ಕಂಡೆ."

ಟೀ ಅಂಗಡಿಗೆ ಹೋದೆ. ಇಳಂಗೋ ಅದೇ ಬೆಂಚಿನ ಮೇಲಿದ್ದ.

"ಉರಿಮೈ ಅಂತ ಒಪ್ಪಿದ್ದಿ ನೀನು."

"ಎಲ್ಲಾರ್ ಮುಂದೇನೇ ಸಲುಗೈ ಅಂದೆ ಮೇಡಂ. ಎದುರಾಳಿ ತಡೀದೇ ಓದ್ರೆ ಆ ಪದ ನಿಂತ್ಕತದೆ. ನೀವ್ ಕಲ್ಸಿದ್ ರೂಲೇ ತಾನೇ?"

"ಮನೆಯೊಳಗ ಕನ್ನಡ ಮಾತಾಡಾಂವ ನೀನು. ಸಲುಗೆ ಅಂದ್ರ ನನಗೆ ಏನು ಕೇಳಿಸ್ತದ ಅಂತ ನಿನಗೆ ಗೊತ್ತಿತ್ತು."

ಅವನು ಲೋಟ ಕೆಳಗಿಟ್ಟ. "ತೆರಿಯುಂ" ಎಂದ. ಗೊತ್ತಿತ್ತು. ಅಷ್ಟು ದಿನ ನನ್ನ ಜೊತೆ ಕನ್ನಡದಲ್ಲೇ ಜಗಳವಾಡಿದವನು ಅದೊಂದನ್ನು ಮಾತ್ರ ತಮಿಳಿನಲ್ಲಿ ಹೇಳಿದ.

ಮೈದಾನ ಬೇಡವೆಂದು ನಾನು ಈಗಲೂ ಹೇಳುವುದಿಲ್ಲ, ಅಲ್ಲಿ ಆಡುವವರ ಆಸೆಯೂ ನ್ಯಾಯವೇ. ಸುಳ್ಳು ಹೇಳಿದ್ದರೆ ಎದುರು ವಾದಿಸಬಹುದಿತ್ತು. ಅವನು ನನ್ನ ತಾಯ್ನುಡಿಯನ್ನೇ ನನ್ನೆದುರು ಸಾಕ್ಷಿಗೆ ನಿಲ್ಲಿಸಿದ.

ಹಬ್ಬಕ್ಕೆ ಊರಿಗೆ ಹೋದಾಗ ಬಾಯಿತಪ್ಪಿ ಅರಸು ಬಸ್ ಎಂದೆ. "ಏನವ್ವಾ, ಅರ್ಧ ತಮಿಳರಾಕಿ ಆಗಿ ಬಂದೀ" ಎಂದು ಅವ್ವ ನಕ್ಕಳು. ಮರಳಿ ಬಂದರೆ ಇಲ್ಲಿ ಮತ್ತೆ ರೇಡಿಯೋ ಕನ್ನಡದವಳು.

ರಜೆಯ ದಿನ ಮಾದೇವಕ್ಕನ ಕುರಿಗಳು ಹೆದ್ದಾರಿ ದಾಟುವಾಗ ನಾನು ಮುಂದೆ ನಿಂತು, ಅಂದು ಚಪ್ಪಾಳೆ ತಟ್ಟಿದ ಕೈಗಳನ್ನು ಲಾರಿಗಳಿಗೆ ಅಡ್ಡ ಹಿಡಿಯುತ್ತೇನೆ. ಸಂಜೆ ಮಾದೇವಕ್ಕ ನನ್ನ ಕೋಣೆಯ ಬಾಗಿಲು ತಟ್ಟದೆ ಒಳಬಂದು, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಡಬ್ಬಿಯಿಂದ ಬಗೆದುಕೊಂಡು ಹೋಗುತ್ತಾರೆ. ಅದು ನನ್ನ ಭಾಷೆಯ ಸಲುಗೆ. ಈ ಮನೆಯಲ್ಲಿ ನನ್ನನ್ನು ಇಟ್ಟುಕೊಂಡಿರುವುದು ಯಾವ ಸಲುಗೆ ಎಂದು ಅವರನ್ನು ಕೇಳಬೇಕೆಂದು ನಾಲಿಗೆ ತುದಿಯವರೆಗೆ ಬರುತ್ತದೆ. ಇನ್ನೂ ಕೇಳಿಲ್ಲ. ಉತ್ತರ ತಮಿಳಿನಲ್ಲಿ ಬಂದರೆ?