ತೊಗರಿ ಕಚ್ಚಿ ನೋಡಿದ ಪ್ರೀಮಿಯರ್

ನಂಜನಗೂಡಿನ ನನ್ನ ಬೇಳೆ ಮಿಲ್ಲಿಗೆ ಒಮ್ಮೆ ಒಬ್ಬ ಮುಖ್ಯಮಂತ್ರಿ ಬಂದಿದ್ದರು. ನಮ್ಮವರಲ್ಲ, ಕೆನಡಾ ದೇಶದ ಒಂದು ರಾಜ್ಯದವರು. ಅಲ್ಲಿ ಆ ಕುರ್ಚಿಯಲ್ಲಿ ಕೂತವರನ್ನು ಪ್ರೀಮಿಯರ್ ಅನ್ನುತ್ತಾರೆ. ತೊಂಬತ್ತರ ದಶಕದ ನಡುವಿನ ಮಾತು. ಅವರ ರಾಜ್ಯದಲ್ಲಿ ಹಳದಿ ಬಟಾಣಿ ರಾಶಿರಾಶಿ ಬೆಳೆಯುತ್ತದಂತೆ, ತಿನ್ನುವವರು ಕಡಿಮೆಯಂತೆ. ಅದನ್ನು ನಮಗೆ ಮಾರಲು ಬಂದಿದ್ದರು.

ಅವರು ನೋಡಬೇಕಾಗಿದ್ದದ್ದು ಬೇರೊಂದು ದೊಡ್ಡ ಮಿಲ್ಲನ್ನು. ಅವತ್ತು ಅಲ್ಲಿ ಕರೆಂಟು ಇರಲಿಲ್ಲ. ನನ್ನದು ಡೀಸೆಲ್ ಇಂಜಿನ್, ಕರೆಂಟಿನ ಹಂಗಿಲ್ಲ. ನನ್ನ ಬೇಳೆ ಕೊಳ್ಳುತ್ತಿದ್ದ ಮೈಸೂರಿನ ಸಾಹುಕಾರರು ಆ ಗುಂಪಿನ ಜೊತೆಗಿದ್ದರು. ಅವರೇ ಕಾರುಗಳನ್ನು ನನ್ನ ಕಡೆ ತಿರುಗಿಸಿದರು. ನನಗೆ ಇಂಗ್ಲಿಷ್ ಬಾರದು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೂಟೆ ಹೊತ್ತವನು ನಾನು. ಹೊತ್ತೂ ಹೊತ್ತೂ ಮಿಲ್ ಕಟ್ಟಿದವನು. ಪಕ್ಕದ ಮನೆಯ ಮೇಷ್ಟ್ರನ್ನು ಕೂಗಿದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರಾದವರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದರು.

ಕಣದಲ್ಲಿ ಹೆಮ್ಮರಗಾಲದ ಕಡೆಯಿಂದ ತಂದ ತೊಗರಿ ಹರಡಿತ್ತು. ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಹಚ್ಚಿ, ಗುಡ್ಡೆ ಹಾಕಿಟ್ಟು, ಆಮೇಲೆ ಬಿಸಿಲಿಗೆ ಒಣಗಿಸುವುದು ನಮ್ಮ ಕ್ರಮ. ಮಣ್ಣು ಸಿಪ್ಪೆಯನ್ನು ಸಡಿಲ ಮಾಡುತ್ತದೆ. ಬೇಳೆಗೆ ರುಚಿ ಬರುವುದೂ ಅದರಿಂದಲೇ. ಪ್ರೀಮಿಯರ್ ಕಣದ ಅಂಚಿನಲ್ಲಿ ನಿಂತು ಏನೋ ಕೇಳಿದರು.

‘ತಿನ್ನೋ ಪದಾರ್ಥಕ್ಕೆ ಮಣ್ಣು ಯಾಕೆ ಮೆತ್ತಿದೀರಿ ಅಂತಾರಪ್ಪ,’ ಎಂದರು ಮೇಷ್ಟ್ರು.

‘ಮಣ್ಣಲ್ಲೇ ಬೆಳ್ದಿದ್ದು ಅಲ್ವಾ ಸಾ ಅನ್ನಿ.’

ಅವರು ನಕ್ಕರು. ಯಾರೂ ಹೇಳದೆಯೇ ಬೂಟು ಬಿಚ್ಚಿ ಕಣಕ್ಕೆ ಇಳಿದರು. ಅವರ ಜೊತೆ ಬಂದ ಅಧಿಕಾರಿಗಳೆಲ್ಲ ಮೇಲಿನ ಕಾಳನ್ನು ಮುಟ್ಟಿ ನೋಡಿ ಕೈ ಒರೆಸಿಕೊಂಡಿದ್ದರು. ಇವರು ಕುಕ್ಕರಗಾಲಲ್ಲಿ ಕೂತು, ಕೈಯನ್ನು ಒಳಕ್ಕೆ ತೂರಿಸಿ, ಅಡಿಯಿಂದ ಒಂದು ಕಾಳು ತೆಗೆದರು. ಪ್ಯಾಂಟಿಗೆ ಉಜ್ಜಿ ಮುಂದಿನ ಹಲ್ಲಿನಲ್ಲಿಟ್ಟು ಕಚ್ಚಿದರು. ಆ, ಇವನು ಕಾಳು ಬೆಳೆದವನು, ಅಂದುಕೊಂಡೆ. ಖುಷಿಯೂ ಆಯಿತು. ಒಣಗಿದ ಕಾಳು ಟಕ್ಕೆಂದು ಒಡೆಯುತ್ತದೆ, ಹಸಿ ಇದ್ದರೆ ಹಲ್ಲಿಗೆ ಅಮುಕಿಕೊಳ್ಳುತ್ತದೆ. ನಮ್ಮಲ್ಲೂ ನೋಡುವುದು ಹಾಗೆಯೇ.

ಅವರು ತಲೆಯಾಡಿಸಿ ಎರಡು ಮಾತು ಅಂದರು.

‘ಏನಂದ್ರು ಮೇಷ್ಟ್ರೇ?’

‘ಅದೇನಿಲ್ಲ ಬಿಡಪ್ಪ.’

‘ಪರ್ವಾಗಿಲ್ಲ, ಅದೇನಂದ್ರು ಏಳಿ.’

‘ಇನ್ನೂ ಹಸಿ ಇದೆ ಅಂದ್ರು.’

ಆ ವಾರ ಮೋಡ ಇತ್ತು, ಅದು ನಿಜ. ಆದರೆ ನಾನೇನೂ ಅದನ್ನು ಅವತ್ತೇ ಮಿಲ್ಲಿಗೆ ಹಾಕುವವನಿರಲಿಲ್ಲ. ಅದನ್ನು ಕೇಳುವವರು ಯಾರು? ಸಾಹುಕಾರರ ಕಿವಿಗೆ ಬಿದ್ದದ್ದು ಆ ಒಂದು ಮಾತು. ಮುಂದಿನ ಲೋಡಿನಿಂದ ಅವರು ತೇವಕ್ಕೆಂದು ತೂಕದಲ್ಲಿ ಕಳೆಯತೊಡಗಿದರು. ‘ದೊಡ್ಡೋರು ಹೇಳಿದ್ಮೇಲೆ ನಾನೇನ್ರೀ ಮಾಡ್ಲಿ,’ ಅನ್ನುತ್ತಿದ್ದರು. ಪೇಟೆಯಲ್ಲಿ ನನಗೆ ಹಸಿಬೇಳೆ ಎಂದು ಹೆಸರು ಬಿತ್ತು.

‘ಲೇ ಹಸಿಬೇಳೆ, ಕಾಫಿ ಕುಡಿಯಕ್ ಬಾರ್ಲಾ.’

‘ಪಾಪ, ಕೆನಡಾದಿಂದ ಬಂದು ಏಳ್ಬೇಕಾಯ್ತು ಇವನ್ಗೆ!’

ಕಳಪೆ ಮಾಲು ಕೊಟ್ಟು ಅನ್ನಿಸಿಕೊಂಡಿದ್ದರೆ ತಲೆ ತಗ್ಗಿಸುತ್ತಿದ್ದೆ. ಇದು ಹಾಗಲ್ಲ. ಅಂದ ಬಾಯೇ ಇನ್ನೊಂದು ಸಲ ಕಚ್ಚಿ, ಸರಿಯಾಗಿದೆ ಅನ್ನಬೇಕು ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಹಾಗಾಗಿ ಆ ಮನುಷ್ಯ ಎಲ್ಲಿದ್ದಾರೆ, ಏನಾದರು ಎಂದು ಮೇಷ್ಟ್ರನ್ನು ಕೇಳುತ್ತಲೇ ಇದ್ದೆ. ಅವರು ಇಂಗ್ಲಿಷ್ ಪೇಪರಿನಲ್ಲಿ ಹುಡುಕುತ್ತಿದ್ದರು. ಬಸ್ ಸ್ಟ್ಯಾಂಡ್ ಹತ್ತಿರ ಇಂಟರ್‌ನೆಟ್ ಅಂಗಡಿ ಆದಮೇಲೆ ಅಲ್ಲಿಗೇ ಹೋಗಿ ಕೂರುತ್ತಿದ್ದರು. ನನಗಿಂತ ಅವರಿಗೇ ಚಟ ಹತ್ತಿತು.

ಹೀಗೆ ಆ ಮನುಷ್ಯನ ಕತೆ ನನಗೆ ತುಂಡುತುಂಡಾಗಿ ಗೊತ್ತಾಯಿತು. ಅಪ್ಪನ ಹೊಲದಲ್ಲಿ ಗೋಧಿ, ಬಟಾಣಿ ಬೆಳೆಯುತ್ತಿದ್ದವರು. ನಮ್ಮ ಪಂಚಾಯ್ತಿಯಂಥದ್ದರಲ್ಲಿ ಮೊದಲು ಗೆದ್ದು, ಆಮೇಲೆ ಶಾಸಕರಾಗಿ, ಪ್ರೀಮಿಯರ್ ಆದವರು. ನನ್ನ ಮಿಲ್ಲಿಗೆ ಬಂದು ಹೋದ ಮೇಲಿನ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು, ಅವರೂ ಸೋತರು. ಈ ಸುದ್ದಿಯನ್ನು ಮೇಷ್ಟ್ರು ಕಾಫಿ ಅಂಗಡಿಯಲ್ಲಿ ಹೇಳಿದಾಗ ಒಬ್ಬ ಕೇಳಿದ:

‘ಸೋತ್ಮೇಲೆ ಏನ್ ಮಾಡ್ತಾವ್ನಂತೆ ಮೇಷ್ಟ್ರೇ?’

‘ವಾಪಸ್ ಹೊಲಕ್ಕೆ ಹೋಗಿದಾನಂತೆ.’

‘ಒಲಕ್ಕಾ! ಬೇರೆ ಪಾರ್ಟಿಗೆ ಓಗ್ಲಿಲ್ವಾ? ಅದೆಂಥಾ ರಾಜಕೀಯ ಕಣ್ರೀ!’

ನನಗೆ ಮಾತ್ರ ಬೇಸರವಾಯಿತು. ಹೊಲಕ್ಕೆ ಹೋದವನು ಇನ್ನು ನಂಜನಗೂಡಿಗೆ ಯಾಕೆ ಬರುತ್ತಾನೆ?

ಕೆಲವು ವರ್ಷದ ಮೇಲೆ ಮೇಷ್ಟ್ರು ಇನ್ನೊಂದು ಸುದ್ದಿ ತಂದರು. ಆ ಪ್ರೀಮಿಯರ್ ಈ ಸಲ ದೇಶದ ಪಾರ್ಲಿಮೆಂಟಿಗೆ ನಿಂತು ಗೆದ್ದಿದ್ದರು. ನಮ್ಮಲ್ಲಿ ಡೆಲ್ಲಿಗೆ ಹೋದ ಹಾಗೆ ಹೋಗಿ ಕೇಂದ್ರದಲ್ಲಿ ಮಂತ್ರಿಯಾಗಿದ್ದರು. ನನಗೆ ಅದು ಅಷ್ಟು ಸರಿ ಕಾಣಲಿಲ್ಲ.

‘ರಾಜ್ಯಕ್ಕೇ ಯಜಮಾನ ಆಗಿದ್ದೋರು ಓಗಿ ಇನ್ನೊಬ್ರ ಕೈಕೆಳ್ಗೆ ಕೂರೋದಾ ಮೇಷ್ಟ್ರೇ? ನಾನಾಗಿದ್ರೆ ಓಗ್ತಿರ್ಲಿಲ್ಲ.’

‘ನೀನು ಹೇಗಪ್ಪ ಹೋಗ್ತೀಯ? ಒಂದು ಮಾತು ಅಂದಿದ್ದಕ್ಕೆ ಇಷ್ಟು ವರ್ಷ ಮುನಿಸಿಕೊಂಡು ಕೂತಿದೀಯ. ಅವನಿಗೆ ಇಡೀ ರಾಜ್ಯವೇ ಬೇಡ ಅಂತು. ಮೈ ಕೊಡವಿಕೊಂಡು ಎದ್ದ.’

ನಾನು ಎದ್ದು ಕಣದ ಕಡೆ ಹೋದೆ.

ಆ ಹೊತ್ತಿಗೆ ಕೆನಡಾದ ಬಟಾಣಿ ನಮ್ಮ ಪೇಟೆಗೂ ಬಂದು, ಬೋಂಡದ ಹಿಟ್ಟಿನಲ್ಲಿ ಸೇರಿಹೋಗಿತ್ತು. ಆ ವ್ಯಾಪಾರದ ಮಾತುಕತೆಗೇ ಮಂತ್ರಿಗಳು ಬೆಂಗಳೂರಿಗೆ ಬರುತ್ತಾರೆ, ಭಾನುವಾರ ಸೋಮನಾಥಪುರದ ದೇವಸ್ಥಾನ ನೋಡುತ್ತಾರೆ ಎಂದು ಸಾಹುಕಾರರ ಗುಮಾಸ್ತ ಹೇಳಿದ. ಬೇಸಿಗೆ. ಕಣಕ್ಕೆ ತೊಗರಿ ಹಾಕಿದೆ. ದಿನಾ ನಾನೇ ಕಾಲಾಡಿಸಿ ತಿರುವಿದೆ, ಆಳುಗಳನ್ನು ಮುಟ್ಟಗೊಡಲಿಲ್ಲ.

‘ತೊಗ್ರಿ ಒಣಗುಸ್ತಿದ್ದೀರೋ, ನೀವೇ ಒಣಗ್ತಿದ್ದೀರೋ?’ ಎಂದಳು ಹೆಂಡತಿ.

ಕೆಮ್ಮಣ್ಣಿನ ಸಮೇತ ಒಂದು ಬಟ್ಟೆ ಚೀಲ ತುಂಬಿಕೊಂಡು, ಮೇಷ್ಟ್ರನ್ನು ಕರೆದುಕೊಂಡು, ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಸೋಮನಾಥಪುರಕ್ಕೆ ಹೋದೆ. ಸಾಹುಕಾರರು ಹಾರ ಹಿಡಿದು ಒಳಗೆ ನಿಂತಿದ್ದರು. ನಮ್ಮನ್ನು ಪೊಲೀಸಿನವನು ಗೇಟಿನಲ್ಲೇ ತಡೆದ.

‘ಏನ್ರೀ ಅದು ಚೀಲ್ದಲ್ಲಿ?’

‘ತೊಗ್ರಿ ಸಾ.’

‘ಇಲ್ಲಿ ಪೂಜೆ ನಡಿಯಲ್ಲ ಕಣ್ರೀ. ಯಾವ್ ದೇವ್ರಿಗೆ ತಂದ್ರಿ?’

ಚೀಲ ಬಿಚ್ಚಿಸಿ ಒಂದು ಹಿಡಿ ಅಂಗೈಗೆ ಸುರಿದುಕೊಂಡು ಬೆರಳಾಡಿಸಿ ನೋಡುತ್ತಿದ್ದ. ಆಗಲೇ ಮಂತ್ರಿಗಳು ಹೊರಗೆ ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನ ಗುರುತು ಅವರಿಗೆ ಸಿಗಲಿಲ್ಲ. ಪೊಲೀಸಿನವನ ಕೈಯಲ್ಲಿದ್ದ ಕೆಂಪು ಕಾಳು ಕಂಡು ನಿಂತರು. ಏನೋ ಅಂದು ನಕ್ಕರು.

‘ಮಣ್ಣು ಅಂತಿದಾರೆ! ನೆನಪಿದೆ ಕಣಪ್ಪ ಅವರಿಗೆ!’ ಎಂದರು ಮೇಷ್ಟ್ರು. ಇವನೇ ಆ ಮಿಲ್ಲಿನವನು ಎಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವತ್ತು ನೀವು ಹಸಿ ಅಂದಿದ್ದಿರಿ ಎಂಬುದನ್ನೂ ಬಿಡಲಿಲ್ಲ.

ಮಂತ್ರಿಗಳು ಚೀಲದೊಳಕ್ಕೆ ಕೈ ತೂರಿಸಿ ಅಡಿಯಿಂದಲೇ ಒಂದು ಕಾಳು ತೆಗೆದರು. ಬಾಯಿಯ ತನಕ ಒಯ್ದು ನಿಂತರು. ಉಗುರಿನಿಂದ ತಮ್ಮ ಮುಂದಿನ ಹಲ್ಲನ್ನು ತಟ್ಟಿ ತೋರಿಸಿದರು.

‘ಕಟ್ಟಿಸಿದ ಹಲ್ಲಂತೆ. ಗಟ್ಟಿ ಕಚ್ಚೋ ಹಾಗಿಲ್ಲವಂತೆ,’ ಎಂದರು ಮೇಷ್ಟ್ರು.

ಇಷ್ಟು ವರ್ಷ ಕಾದದ್ದು ಇದಕ್ಕಾ ಅನ್ನಿಸಿತು. ಚೀಲದ ಬಾಯಿ ಕಟ್ಟಲು ಹೋದೆ. ಅವರು ನನ್ನ ಕೈ ಹಿಡಿದು ಆ ಕಾಳನ್ನು ಅಂಗೈಯಲ್ಲಿಟ್ಟರು, ಕಚ್ಚು ಎಂದು ನನ್ನ ಬಾಯಿಯ ಕಡೆ ಸನ್ನೆ ಮಾಡಿದರು. ಆಮೇಲೆ ಬಗ್ಗಿ ತಮ್ಮ ಕಿವಿಯನ್ನು ನನ್ನ ಮುಖದ ಹತ್ತಿರಕ್ಕೆ ತಂದರು.

ಕಚ್ಚಿದೆ. ಟಕ್ ಎಂದಿತು.

ಬಗ್ಗಿದವರು ಬಗ್ಗಿಯೇ ಇದ್ದರು. ಇನ್ನೊಂದು ಎಂದು ಬೆರಳೆತ್ತಿದರು. ಅದನ್ನೂ ಕಚ್ಚಿದೆ. ನೆಟ್ಟಗಾಗಿ ಒಂದೇ ಮಾತು ಅಂದರು. ಈ ಸಲ ಮೇಷ್ಟ್ರು ನಾನು ಕೇಳುವ ಮೊದಲೇ ಹೇಳಿದರು:

‘ಒಣಗಿದೆ ಅಂದ್ರು.’

ಹಿಂದೆ ನಿಂತಿದ್ದ ಸಾಹುಕಾರರು ಮೆಲ್ಲಗೆ ಚೀಲಕ್ಕೆ ಕೈ ಹಾಕಿ ತಾವೂ ಒಂದು ಕಾಳು ಕಚ್ಚಿದರು. ಮುಂದಿನ ಲೋಡಿನಿಂದ ತೂಕದಲ್ಲಿ ಕಳೆಯುವುದು ನಿಂತಿತು.

ಹೆಸರು ಮಾತ್ರ ಹೋಗಲಿಲ್ಲ. ಮೇಷ್ಟ್ರು ಕಾಫಿ ಅಂಗಡಿಯಲ್ಲಿ ಎಲ್ಲವನ್ನೂ ಅಭಿನಯ ಮಾಡಿ ಹೇಳಿದ ಮೇಲೂ ಒಬ್ಬ ಕೂಗಿದ:

‘ಲೇ ಹಸಿಬೇಳೆ, ಮಂತ್ರಿ ಅಲ್ಲು ಓದ್ಮೇಲೆ ಪಾಸಾದ್ಯಲ್ಲೋ!’

‘ಅಲ್ಲು ನಂದು ಕಣ್ಲಾ,’ ಎಂದೆ. ‘ಕಿವಿ ಅವರ್ದು. ಕಾಫಿ ಏಳು.’