ಅವ್ವ ಸಾರಿಸಿದ ನೆಲ

ಮಿಡಿಗೇಶಿಯ ನಮ್ಮ ಹೊಲದಡಿಯ ಹಳೇ ಪಟ್ಟಣ ಅಗೆಯಲು ಬಂದವರಲ್ಲಿ, ಮಣ್ಣು ಪರೀಕ್ಷಿಸುತ್ತಿದ್ದುದಕ್ಕೆ ನಾವು 'ಮಣ್ಣಿನ ಮೇಡಂ' ಎನ್ನುತ್ತಿದ್ದವರಿಗೆ ನಾಣ್ಯ, ಮಡಕೆ ಯಾವುದೂ ಬೇಡ. ಅಲ್ಲಿನ ಹಳೇ ಮನೆಗಳ ನೆಲವನ್ನೇ ತುಂಡು ಕತ್ತರಿಸಿ, ಕೂದಲೆಳೆಯಷ್ಟು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟು, "ಬನ್ನಿ, ಒಳಗೆ ಬನ್ನಿ!" ಎಂದು, ಆ ಮನೆಗೇ ನೆಂಟರನ್ನು ಕರೆದಂತೆ ಸಿಕ್ಕವರನ್ನೆಲ್ಲ ನೋಡಲು ಕರೆಯುತ್ತಿದ್ದರು.

ಒಮ್ಮೆ, ಅಗೆದ ಗುಂಡಿ ನೋಡಲು ಸಾಹೇಬರು ಬರುತ್ತಾರೆಂದು ನಮ್ಮವ್ವ ಒಳಗಿಳಿದು, ಅಲ್ಲಿ ಸಿಕ್ಕಿದ್ದ ಹಳೇ ಮನೆಯ ನೆಲಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿಬಿಟ್ಟಳು. ಅದನ್ನೇ ಕತ್ತರಿಸಬೇಕಿದ್ದ ಮೇಡಂ ತಲೆ ಮೇಲೆ ಕೈಯಿಟ್ಟು ಕೂತರು. ಆಮೇಲೆ ನಗು ತಡೆಯಲಾರದೆ ರಂಗೋಲಿ ಸಮೇತ ಕತ್ತರಿಸಿಕೊಂಡರು.

ತಿಂಗಳ ಮೇಲೆ, "ಬನ್ನಿ, ಒಳಗೆ ಬನ್ನಿ!" ಎಂದು ಅವ್ವನನ್ನೇ ಕೂರಿಸಿ ತೋರಿಸಿದರು. ಒಂದರ ಮೇಲೊಂದು ಸಾರಣೆಯ ಪದರ, ಎಲ್ಲಕ್ಕೂ ಮೇಲೆ ಅವ್ವನದು.

ಅವ್ವ ಒಂದು ಕಣ್ಣು ಮುಚ್ಚಿ ನೋಡಿದಳು. "ನನ್ ಕೆಳಗಿಂದು ಯಾವ್ಳೋ ಹೊಸ ಸೊಸೆ ಸಾರ್ಸವ್ಳೆ ಕಣಮ್ಮ. ಎಷ್ಟು ತೆಳ್ಳಗೆ ಬಳ್ದವ್ಳೆ ನೋಡು, ಸೋಮಾರಿ!"