ಆರೂವರೆ ಮೊಳದ ಬುಟ್ಟಿ

ನಮ್ಮ ಡ್ರಿಲ್ ಮೇಷ್ಟ್ರ ನಂತರ ಬುಟ್ಟಿ ಚೆಂಡಿನ ಆಟದಲ್ಲಿ ಮುಂದಾಳು ಯಾರು ಎಂದು ಈಗಲೂ ಶಿಕಾರಿಪುರದಲ್ಲಿ ಯಾರಾದರೂ ಹಳಬರು ಕೇಳುವುದುಂಟು. ನಾನು ತಡಮಾಡುವುದಿಲ್ಲ, ನಾನೇ ಎನ್ನುತ್ತೇನೆ. ಐವತ್ತರ ದಶಕದ ಕೊನೆಯಲ್ಲೂ ನನ್ನ ಉತ್ತರ ಅದೇ ಆಗಿತ್ತು. ಸಂಕೋಚ ನನ್ನ ಜಾಯಮಾನದಲ್ಲಿ ಇಲ್ಲ. ನಮ್ಮವ್ವ ಇದನ್ನು ಗುಣ ಎನ್ನುತ್ತಿದ್ದಳು, ಅಪ್ಪ ರೋಗ ಎನ್ನುತ್ತಿದ್ದ.

ಮೇಷ್ಟ್ರು ಮಿಲಿಟರಿಯಲ್ಲಿದ್ದು ಬಂದವರು. ಅಲ್ಲಿ ಕಲಿತ ಬ್ಯಾಸ್ಕೆಟ್‌ಬಾಲನ್ನು ನಮ್ಮ ಹೈಸ್ಕೂಲಿಗೆ ತಂದರು. ಬಯಲಿನ ಎರಡೂ ತುದಿಗೆ ಮರದ ಕಂಬ ನೆಡಿಸಿ, ಹಲಗೆ ಬಡಿಸಿ, ಕಮ್ಮಾರನಿಂದ ಕಬ್ಬಿಣದ ಬಳೆ ಮಾಡಿಸಿದರು. ಬಳೆಗೆ ಕಟ್ಟಿದ್ದು ಅಂಜನಾಪುರದಲ್ಲಿ ಮೀನು ಹಿಡಿಯುವವರು ಬಿಸಾಕಿದ್ದ ಬಲೆಯ ತುಂಡು. ನಮ್ಮ ಬಾಯಲ್ಲಿ ಬ್ಯಾಸ್ಕೆಟ್ ಬುಟ್ಟಿಯಾಯಿತು. ಓದು ಮುಗಿಸಿ ಗದ್ದೆ ಕೆಲಸಕ್ಕೆ ಬಿದ್ದಿದ್ದ ನನ್ನಂಥವರೂ ಸಂಜೆಯಾದರೆ ಕಾಲು ತೊಳೆದುಕೊಂಡು ಅಲ್ಲಿಗೆ ಓಡುತ್ತಿದ್ದೆವು.

ಮೇಷ್ಟ್ರ ಆಟ ನೋಡಿದವರಿಗೆ ಬೇರೆಯವರ ಆಟ ಸಪ್ಪೆ. ಚೆಂಡು ಅವರ ಕೈ ಬಿಟ್ಟಿತೆಂದರೆ ನಾವು ಬುಟ್ಟಿಯತ್ತ ನೋಡುವುದನ್ನೂ ಬಿಟ್ಟು ನಮ್ಮ ನಮ್ಮ ಜಾಗಕ್ಕೆ ವಾಪಸು ಹೊರಡುತ್ತಿದ್ದೆವು. ಆಟಕ್ಕೆ ಮುಂಚೆ ಅವರದೊಂದು ಅಭ್ಯಾಸವಿತ್ತು. ಬುಟ್ಟಿಯ ಅಡಿಗೆ ಹೋಗಿ, ಬಲಗೈಯನ್ನು ನೆಟ್ಟಗೆ ಮೇಲೆತ್ತಿ, ತಲೆ ಹಿಂದಕ್ಕೆ ಹಾಕಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಅದು ದೇವರಿಗೆ ಮಾಡುವ ನಮಸ್ಕಾರವೆಂದು ನಾವು ತೀರ್ಮಾನಿಸಿದ್ದೆವು. ನಾವೂ ಹಾಗೆಯೇ ಹೋಗಿ ಕೈ ಎತ್ತಿ, ಕಣ್ಣು ಮುಚ್ಚಿ, ನಮ್ಮ ನಮ್ಮ ಮನೆದೇವರನ್ನು ನೆನೆದು ಬರುತ್ತಿದ್ದೆವು. ನನ್ನಷ್ಟು ಠೀವಿಯಿಂದ ಕೈ ಎತ್ತುವವನು ಇನ್ನೊಬ್ಬನಿರಲಿಲ್ಲ.

ಆಮೇಲೆ ಅವರಿಗೆ ಸೊರಬಕ್ಕೆ ವರ್ಗವಾಯಿತು. ಅಲ್ಲೂ ಕಂಬ ನೆಡಿಸಿ ಹುಡುಗರನ್ನು ತಯಾರು ಮಾಡಿದರು. ಭಾನುವಾರ ಬಸ್ಸಿನಲ್ಲಿ ಬಂದು ನಮ್ಮ ಜೊತೆಗೂ ಆಡಿ ಹೋಗುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಸೊರಬದಲ್ಲಿ ಆಡುತ್ತಾ ಬಿದ್ದು ಮಂಡಿ ತಿರುಚಿಕೊಂಡವರು, ಇನ್ನು ಆಡುವುದಿಲ್ಲ ಎಂದುಬಿಟ್ಟರು.

ಅಲ್ಲಿಂದ ಶುರುವಾಯಿತು ಚರ್ಚೆ. ನಮ್ಮ ಕಡೆಯ ಹರಟೆಕಟ್ಟೆ ಎಂದರೆ ಬಸ್ ಸ್ಟ್ಯಾಂಡಿನ ಹತ್ತಿರದ ಸೈಕಲ್ ಶಾಪು. ಅದರ ಯಜಮಾನರಾದ ಸಾಬರು ಒಂದು ದಿನವೂ ಚೆಂಡು ಮುಟ್ಟಿದವರಲ್ಲ, ಆದರೆ ನನ್ನ ಪರವಾಗಿ ವಾದಿಸಲು ಪಂಕ್ಚರ್ ಟ್ಯೂಬನ್ನು ನೀರಿನಲ್ಲೇ ಬಿಟ್ಟು ಎದ್ದು ಬರುತ್ತಿದ್ದರು. ಸೊರಬದವರ ಹೀರೋ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಒಬ್ಬ ಉದ್ದ ಕಾಲಿನವನು. ಅವನ ಕೈಯಿಂದ ಚೆಂಡು ತಪ್ಪುವುದೇ ಇಲ್ಲ ಎಂದು ಬಸ್ಸಿನ ಕಂಡಕ್ಟರ್ ದಿನಾ ಸುದ್ದಿ ತರುತ್ತಿದ್ದ.

"ಅಲ್ರೀ, ಮೇಷ್ಟ್ರು ಮೊದಲು ಆಟ ಕಲಿಸಿದ್ದು ಎಲ್ಲಿ? ಇಲ್ಲಿ. ಮೊದಲ ಶಿಷ್ಯ ಯಾರು? ಇವನು. ಇನ್ನೇನು ಐತ್ರಿ ಮಾತು?" ಎಂದು ಸಾಬರು ಅವನ ಬಾಯಿ ಮುಚ್ಚಿಸುತ್ತಿದ್ದರು.

ನನಗೆ ಸಾಬರ ತೀರ್ಪು ಸಾಲದಾಗಿತ್ತು. ಮೇಷ್ಟ್ರ ಬಾಯಿಂದ "ನನ್ನ ನಂತರ ನೀನೇ" ಎಂಬ ಮಾತು ಬರಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಆ ವಯಸ್ಸಿನಲ್ಲಿ ನಾನು ಬೇರೇನನ್ನೂ ಬಯಸಿದ್ದು ನೆನಪಿಲ್ಲ. ಮದುವೆಯ ಮಾತು ಬಂದಿದ್ದನ್ನೂ ಮುಂದಕ್ಕೆ ಹಾಕಿದ್ದೆ.

ಕೊನೆಗೆ ಎರಡು ಊರಿನವರೂ ಸೇರಿ ಪಂದ್ಯ ಗೊತ್ತುಮಾಡಿದರು. ಮೊದಲು ನಮ್ಮಲ್ಲಿ, ಮುಂದಿನ ವಾರ ಅವರಲ್ಲಿ. ನಮ್ಮಲ್ಲಿ ನಡೆದದ್ದನ್ನು ಹೇಳಲು ನನಗೆ ಈಗಲೂ ಖುಷಿ. ಉದ್ದ ಕಾಲಿನವನು ಬುಟ್ಟಿಯ ಅಡಿಯಲ್ಲಿ ಕೈ ಎತ್ತಿ ಕಣ್ಣು ಮುಚ್ಚಿ ನಿಂತ, ಆಮೇಲೆ ಎಸೆದ ಚೆಂಡೆಲ್ಲ ಬಳೆಯನ್ನು ದಾಟಿ ಹಲಗೆಗೆ ಬಡಿದು ಎತ್ತಲೋ ಹೋಯಿತು. ನಾನು ಎಸೆದದ್ದು ಬಿದ್ದೇ ಬಿತ್ತು. ಸಾಬರು ಎಲ್ಲರಿಗೂ ಚಹಾ ಕುಡಿಸಿದರು.

ಮುಂದಿನ ವಾರ ಸೊರಬದಲ್ಲಿ, ಮೇಷ್ಟ್ರು ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದರು. ಅವರ ಕಣ್ಣೆದುರಿಗೇ ನನ್ನ ಮಾನ ಹೋಯಿತು. ನಾನು ಎಸೆದ ಚೆಂಡು ಒಂದಾದ ಮೇಲೊಂದು ಬಳೆಯ ಮುಂಭಾಗಕ್ಕೆ ತಾಗಿ ನನ್ನ ಕಾಲಬುಡಕ್ಕೇ ವಾಪಸು ಬಂತು. ಅವನದು ಸಲೀಸಾಗಿ ಇಳಿಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನೀವು ಬುಟ್ಟಿ ಎತ್ತರಿಸೀರಿ! ಇದು ಮೋಸ!" ಎಂದು ಕೂಗಿದೆ.

ಸೊರಬದವರು ಮೈಮೇಲೆ ಬರುವುದರಲ್ಲಿದ್ದರು. ಉದ್ದ ಕಾಲಿನವನೇ ಅವರನ್ನು ತಡೆದು, ಬಾವಿಕಟ್ಟೆಯಿಂದ ಒಂದು ಹಗ್ಗ ತಂದು ನನ್ನ ಕೈಗಿಟ್ಟ. "ಅಳತೆ ತಗೊಂಡು ಹೋಗು ಮಾರಾಯ. ನೆಟ್ಟ ದಿನದಿಂದ ಅದನ್ನ ಯಾರೂ ಮುಟ್ಟಿಲ್ಲ" ಎಂದ. ನಾನೂ ಬಿಡಲಿಲ್ಲ. ಬಳೆಯಿಂದ ನೆಲಕ್ಕೆ ಹಗ್ಗ ಇಳಿಬಿಟ್ಟು ಗಂಟು ಹಾಕಿಕೊಂಡು ಬಂದೆ. ಊರಿಗೆ ಬಂದು ನಮ್ಮ ಬಳೆಗೆ ಕಟ್ಟಿ ನೋಡಿದರೆ ಒಂದು ಗೇಣು ಹಗ್ಗ ನೆಲದ ಮೇಲೆ ಬಿದ್ದಿತ್ತು. ಅವರ ಬುಟ್ಟಿ ನಮ್ಮದಕ್ಕಿಂತ ಒಂದು ಗೇಣು ಎತ್ತರ.

ಮುಂದಿನ ಭಾನುವಾರ ಹಗ್ಗ ಹಿಡಿದುಕೊಂಡು ಸೊರಬಕ್ಕೆ, ಸೀದಾ ಮೇಷ್ಟ್ರ ಮನೆಗೆ ಹೋದೆ. ಅವರು ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದರು. ಹಗ್ಗ ನೋಡಿ ನಕ್ಕರು.

"ಎರಡೂ ಕಡೆ ಆರೂವರೆ ಮೊಳ ಅಂತಲೇ ಹೇಳಿದ್ದೆ ಕಣೋ. ನಿಮ್ಮಲ್ಲಿ ಸ್ಕೂಲಿನ ಜವಾನ ತನ್ನ ಕೈಲಿ ಅಳೆದ. ಅವನೋ ಗಿಡ್ಡ. ಇಲ್ಲಿ ಕಂಬ ಕೊಟ್ಟ ಗೌಡರೇ ಅಳೆದ್ರು. ಅವರ ಮೊಳ ನೋಡಿದೀಯಾ?"

"ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿಲ್ದೆ ಎರಡೂ ಕಡೆ ಚೆಂಡು ಹೆಂಗೆ ಹಾಕ್ಲಿ? ಅಡಿಗೆ ಹೋಗಿ ಕೈ ಎತ್ತಿ ನೋಡ್ತಿದ್ದೆನಲ್ಲ, ಎಷ್ಟು ಎತ್ತರ ಐತೆ ಅಂತ."

ಅಷ್ಟು ವರ್ಷ ನಾವು ಕಣ್ಣು ಮುಚ್ಚಿ ಮನೆದೇವರನ್ನು ನೆನೆದಿದ್ದು ಅದೇ ಜಾಗದಲ್ಲಿ. ನಾಚಿಕೆಯಾಯಿತು. ಆದರೂ ಬಂದ ಕೆಲಸ ಬಿಡುವವನಲ್ಲ ನಾನು. "ಹಾಗಾದ್ರೆ ನಿಮ್ಮ ನಂತರ ಯಾರು ಸಾರ್?" ಎಂದು ಕೇಳಿಯೇಬಿಟ್ಟೆ.

"ಇನ್ನೂ ಯಾರೂ ಇಲ್ಲ" ಎಂದು ಅವರು ಮತ್ತೆ ಬಟ್ಟೆಯನ್ನು ಬಿಸಿನೀರಿಗೆ ಅದ್ದಿದರು.

ಬಸ್ಸಿನಲ್ಲಿ ವಾಪಸು ಬರುವಾಗ 'ಇನ್ನೂ' ಎಂದರಲ್ಲ, ಅಷ್ಟು ಸಾಕು ಎನಿಸಿತು. ಸೊರಬದ ಬುಟ್ಟಿಗೆ ಹಾಕುವುದನ್ನು ಕಲಿಯಬೇಕು, ಅದೂ ಯಾರಿಗೂ ತಿಳಿಯದ ಹಾಗೆ. ಅಲ್ಲಿಯ ಬಯಲು ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆಂದು ಗೊತ್ತಿತ್ತು. ಬಸ್ಸಿನಲ್ಲಿ ಹೋದರೆ ಕಂಡಕ್ಟರ್ ಊರಿಗೆಲ್ಲ ಡಂಗುರ ಸಾರುತ್ತಾನೆ. ಸಾಬರ ಹತ್ತಿರ ಸೈಕಲ್ ತೆಗೆದುಕೊಂಡು, ಚೆಂಡನ್ನು ಗೋಣಿಚೀಲಕ್ಕೆ ತುರುಕಿ ಕ್ಯಾರಿಯರಿಗೆ ಬಿಗಿದು, ಅಂಜನಾಪುರದ ಕಡೆ ಗದ್ದೆಗೆ ನೀರು ನೋಡಲು ಹೋಗುತ್ತೇನೆಂದು ಹೇಳಿ ಅದರ ಮುಂದಿನ ಭಾನುವಾರ ಬೆಳಿಗ್ಗೆಯೇ ಹೊರಟೆ.

ತಾಳಗುಂದದ ಹತ್ತಿರ ಎದುರಿನಿಂದ ಒಂದು ಸೈಕಲ್ ಬಂತು. ಉದ್ದನೆಯ ಕಾಲು ನೋಡಿಯೇ ಗುರುತು ಸಿಕ್ಕಿತು. ಅವನ ಕ್ಯಾರಿಯರಿನಲ್ಲೂ ಗುಂಡಗಿನ ಗೋಣಿಚೀಲ. ಇಬ್ಬರೂ ಇಳಿದೆವು.

"ಎಲ್ಲಿಗೆ ಹೊರಟೆ?" ಎಂದೆ.

"ಇಲ್ಲೇ, ನೆಂಟರ ಮನೆಗೆ. ನೀನು?"

"ನಾನೂ ನೆಂಟರ ಮನೆಗೇ."

ಅವನು ನನ್ನ ಚೀಲ ನೋಡಿದ, ನಾನು ಅವನದು ನೋಡಿದೆ. ನಗು ತಡೆಯಲಾಗದೆ ರಸ್ತೆ ಬದಿಯ ಜೋಳದ ಹೊಲದ ಬದುವಿನ ಮೇಲೆ ಕೂತುಬಿಟ್ಟೆವು. ಅವನ ಬುತ್ತಿಯಲ್ಲಿ ಅಕ್ಕಿ ರೊಟ್ಟಿ ಇತ್ತು, ನನ್ನದರಲ್ಲಿ ಚಟ್ನಿಪುಡಿ. ತಿನ್ನುತ್ತಾ ತಿನ್ನುತ್ತಾ ಅವನು ಹೇಳಿದ: "ನೋಡು ಮಾರಾಯ, ನಮ್ಮ ಬುಟ್ಟಿಗೆ ಕೈಯಿಂದ ಎಸೆದ್ರೆ ಆಗದಿಲ್ಲ. ಮಂಡಿ ಚೆನ್ನಾಗಿ ಬಗ್ಗಿಸಿ ಕಾಲಿನ ಬಲದಿಂದ ಎತ್ತು. ಹಲಗೇಲಿ ಒಂದು ಗಂಟು ಐತೆ, ಅದನ್ನ ನೋಡ್ತಾ ಎಸಿ, ಬೀಳ್ತದೆ."

ಆ ಗುಟ್ಟು ಹುಡುಕಲೆಂದೇ ನಾನು ಹೊರಟಿದ್ದು. ಆಮೇಲೆ ನಾನೂ ನಮ್ಮ ಬುಟ್ಟಿಯ ಗುಟ್ಟು ಹೇಳಿದೆ, ಒಂದನ್ನೂ ಬಚ್ಚಿಡಲಿಲ್ಲ. ಅವನು ಶಿಕಾರಿಪುರದ ಕಡೆ ಹೋದ, ನಾನು ಸೊರಬದ ಕಡೆ.

ಆ ವರ್ಷವೇ ಇಬ್ಬರೂ ಎರಡೂ ಊರಿನಲ್ಲಿ ಬುಟ್ಟಿ ತುಂಬಿಸಿದೆವು. ಯಾರು ಮೇಲೆಂಬ ಜಗಳ ಸಾಬರ ಅಂಗಡಿಯಲ್ಲಿ ಇನ್ನೂ ಜೋರಾಯಿತು. ನಾನು ಇವತ್ತಿಗೂ ನಾನೇ ಎನ್ನುತ್ತೇನೆ. ಸೊರಬದಲ್ಲಿ ಅವನೂ ಹಾಗೇ ಎನ್ನುತ್ತಾನಂತೆ, ಅನ್ನಲಿ. ಆದರೆ ಆ ದಿನ ಬದುವಿನ ಮೇಲೆ ಕೂತು ಮೊದಲು ಬಾಯಿ ಬಿಟ್ಟವನು ಅವನು. ಅವನು ಹೇಳದಿದ್ದರೆ ನಾನು ಹೇಳುತ್ತಿರಲಿಲ್ಲ. ಮೇಷ್ಟ್ರ ನಂತರ ಯಾರು ಎಂಬುದು ನನಗೆ ಅಲ್ಲೇ ಗೊತ್ತಾಯಿತು, ಶಿಕಾರಿಪುರದಲ್ಲಿ ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ.